ನೆಲದಿಂದ ಏಳುವ ವಿದ್ಯೆ: ದೇಹಭಾರದ ವ್ಯಾಯಾಮ ಆಟವಾದಾಗ

ಕಳೆದ ವರ್ಷ ನಮ್ಮ ಉಪನಗರದ ಕನ್ನಡಿಗ ಕುಟುಂಬವೊಂದರ ಗೃಹಪ್ರವೇಶದ ದಿನ, ಬಹುಕಾಲದ ನಂತರ ನೆಲದ ಮೇಲೆ ಎಲೆ ಹಾಕಿ ಊಟ ಬಡಿಸಿದರು. ಮೇಜು-ಕುರ್ಚಿಗಳ ಸಂತರ್ಪಣೆಗೆ ಒಗ್ಗಿಹೋಗಿದ್ದ ನಮಗೆಲ್ಲ ಊರಿನ ಪಂಕ್ತಿ ಭೋಜನದ ನೆನಪು ಮರುಕಳಿಸಿ ಸಂತೋಷವೇ ಆಯಿತು. ಹೋಳಿಗೆಯವರೆಗೆ ಎಲ್ಲವೂ ಸೊಗಸಾಗಿ ನಡೆಯಿತು. ನಿಜವಾದ ಪರೀಕ್ಷೆ ಆರಂಭವಾದುದು ಕೈ ತೊಳೆಯಲು ಏಳಬೇಕಾದಾಗ. ಒಬ್ಬರು ಗೋಡೆಯನ್ನು ಹುಡುಕಿದರು; ಇನ್ನೊಬ್ಬರು ಪಕ್ಕದವರ ಭುಜ ಹಿಡಿದರು; ಮತ್ತೊಬ್ಬರು ಮೊದಲು ಮಂಡಿಯೂರಿ, ಬಳಿಕ ಎರಡೂ ಕೈಗಳನ್ನು ನೆಲಕ್ಕೆ ಒತ್ತಿ, ಮೂರು ಕಂತುಗಳಲ್ಲಿ ಎದ್ದರು. ಅರುವತ್ತಮೂರರ ಹರೆಯದ ಈ ಲೇಖಕನಂತೂ ಎಂಜಲು ಕೈಯನ್ನು ಎಲ್ಲಿ ಊರುವುದೆಂದು ತಿಳಿಯದೆ ಕುಳಿತೇ ಇದ್ದ. ಕೊನೆಗೆ ಆರು ವರ್ಷದ ಮೊಮ್ಮಗ ಬಂದು ಎಡಗೈ ಹಿಡಿದು ಎಳೆದ. "ಅಜ್ಜ, ನೀವು ಏಳುವುದನ್ನೇ ಮರೆತಿರಾ?" ಎಂದು ಅವನು ಕೇಳಿದ ಪ್ರಶ್ನೆಗೆ ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಮರಳಿದ ಮೇಲೂ ಆ ಪ್ರಶ್ನೆ ಕಾಡುತ್ತಲೇ ಇತ್ತು.

ನೆಲದಿಂದ ಏಳುವುದು ಅಷ್ಟೊಂದು ಮಹತ್ವದ ವಿಷಯವೇ ಎಂದು ಓದುಗರು ಕೇಳಬಹುದು. ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೊ ಜಿಲ್ ಅರೌಜೊ ಮತ್ತು ಅವರ ಸಂಗಡಿಗರು 51ರಿಂದ 80 ವರ್ಷ ವಯಸ್ಸಿನ 2002 ಮಂದಿಯನ್ನು ಈ ಒಂದು ಕ್ರಿಯೆಯಲ್ಲಿಯೇ ಪರೀಕ್ಷಿಸಿ, ವರ್ಷಗಟ್ಟಲೆ ಅವರ ಬೆನ್ನುಹಿಡಿದು, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪರೀಕ್ಷೆ ಸರಳವಾದುದು. ಬರಿಗಾಲಿನಲ್ಲಿ ನಿಂತು ನೆಲದ ಮೇಲೆ ಕುಳಿತುಕೊಳ್ಳಬೇಕು, ಮತ್ತೆ ಏಳಬೇಕು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5 ಅಂಕ. ಕೈ, ಮುಂಗೈ, ಮಂಡಿ ಅಥವಾ ಕಾಲಿನ ಪಾರ್ಶ್ವವನ್ನು ಆಸರೆಗಾಗಿ ಊರಿದಾಗಲೆಲ್ಲ ಒಂದು ಅಂಕ ಕಳೆಯಬೇಕು. ಮೈ ತೂರಾಡಿದರೆ ಅರ್ಧ ಅಂಕ. 8ರಿಂದ 10 ಅಂಕ ಗಳಿಸಿದವರಿಗೆ ಹೋಲಿಸಿದರೆ 3 ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವರಲ್ಲಿ ಆ ಅವಧಿಯಲ್ಲಿ ಮರಣದ ಸಂಭವ ಐದು ಪಟ್ಟಿಗೂ ಮಿಗಿಲಾಗಿತ್ತು. ಏಳಲಾಗದಿರುವುದೇ ಸಾವಿಗೆ ಕಾರಣವೆಂದು ಇದರ ಅರ್ಥವಲ್ಲ. ಸ್ನಾಯುಬಲ, ಸಂಧಿಗಳ ಸಡಿಲಿಕೆ, ಸಮತೋಲ, ದೇಹತೂಕ ಈ ಎಲ್ಲವುಗಳ ಸ್ಥಿತಿಯನ್ನು ಆ ಒಂದು ಕ್ರಿಯೆ ಒಮ್ಮೆಲೇ ಬಯಲಿಗೆಳೆಯುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಮಹಾನಗರದ ನಮ್ಮ ಬದುಕನ್ನು ಒಮ್ಮೆ ಅವಲೋಕಿಸಿದರೆ ಕಾರಣ ತಿಳಿಯುವುದು ಕಷ್ಟವಲ್ಲ. ಹಾಸಿಗೆ ಮಂಚದ ಮೇಲೇರಿತು, ಊಟ ಮೇಜಿಗೆ ಬಂತು, ಒಲೆ ಅಡುಗೆಕಟ್ಟೆಯ ಮೇಲೆ ಕುಳಿತಿತು, ಶೌಚಾಲಯವೂ ಕುರ್ಚಿಯ ಎತ್ತರಕ್ಕೆ ಏರಿತು. ರುಬ್ಬುವ ಕಲ್ಲಿನ ಮುಂದೆ ಕೂರುತ್ತಿದ್ದ, ಬಾವಿಯಿಂದ ನೀರು ಸೇದುತ್ತಿದ್ದ, ಬಗ್ಗಿ ಅಂಗಳ ಸಾರಿಸುತ್ತಿದ್ದ ನಮ್ಮ ತಾಯಂದಿರು ದಿನಕ್ಕೆ ಹಲವಾರು ಸಲ ನೆಲಕ್ಕಿಳಿದು ಏಳುತ್ತಿದ್ದರು. ಆ ದುಡಿಮೆಯನ್ನು ವೈಭವೀಕರಿಸುವ ಉದ್ದೇಶ ನನಗಿಲ್ಲ. ಅದರಿಂದ ಸೊಂಟ ಮುರಿದುಕೊಂಡವರೂ ಉಂಟು. ಆದರೆ ದುಡಿಮೆಯನ್ನು ಬಿಡುವ ಭರದಲ್ಲಿ ಚಲನೆಯನ್ನೂ ಬಿಟ್ಟೆವು ಎಂಬುದು ಸುಳ್ಳಲ್ಲ. ಮೂವತ್ತರ ವಯಸ್ಸು ದಾಟಿದ ನಂತರ ಸ್ನಾಯುವಿನ ಪ್ರಮಾಣ ದಶಕಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಕುಗ್ಗುತ್ತದೆಂದೂ, ಅರುವತ್ತರ ಬಳಿಕ ಆ ಇಳಿತ ಇನ್ನಷ್ಟು ತೀವ್ರವಾಗುತ್ತದೆಂದೂ ವೈದ್ಯಶಾಸ್ತ್ರದ ಅಂದಾಜು. ಸಂಧಿಗಳ ಮೃದ್ವಸ್ಥಿಗಾದರೋ ರಕ್ತನಾಳಗಳೇ ಇಲ್ಲ. ಸಂಧಿ ಅಲುಗಿ, ಒತ್ತಿ, ಸಡಿಲಗೊಂಡಾಗ ಒಳಗಿನ ದ್ರವದಿಂದಲೇ ಅದು ಪೋಷಣೆಯನ್ನು ಹೀರಿಕೊಳ್ಳುತ್ತದೆ. ಎಷ್ಟು ದೂರ ಬಾಗಿಸುತ್ತೇವೆಯೋ ಅಷ್ಟು ದೂರವೇ ಬಾಗುವ ಅಭ್ಯಾಸ ಸಂಧಿಗೆ ಉಳಿಯುತ್ತದೆ.

ಬೆಳಗಿನ ವಾಯುವಿಹಾರ ಇದಕ್ಕೆಲ್ಲ ಮದ್ದಲ್ಲವೇ ಎಂಬುದು ನನ್ನ ವಯಸ್ಸಿನವರ ಸಹಜ ನಂಬಿಕೆ. ಹೃದಯಕ್ಕೆ, ರಕ್ತದ ಸಕ್ಕರೆಗೆ, ಮನಸ್ಸಿನ ಉಲ್ಲಾಸಕ್ಕೆ ನಡಿಗೆ ಉತ್ತಮವಾದುದೇ. ಆದರೆ ನಡಿಗೆಯಲ್ಲಿ ಮಂಡಿ ಸ್ವಲ್ಪವೇ ಮಡಿಯುತ್ತದೆ, ತೋಳುಗಳಿಗೆ ಭಾರವೇ ಬೀಳುವುದಿಲ್ಲ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ, ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯಲ್ಲದೆ, ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲ ವರ್ಧಿಸುವ ವ್ಯಾಯಾಮವನ್ನೂ, 65 ದಾಟಿದವರಿಗೆ ಮೂರು ದಿನ ಸಮತೋಲ ಮತ್ತು ಬಲವನ್ನು ಬೆಸೆದ ಅಭ್ಯಾಸವನ್ನೂ ಹೇಳಿದೆ. ಇಲ್ಲಿಯೇ ನಮ್ಮಲ್ಲಿ ಅನೇಕರು ಹಿಂಜರಿಯುವುದು. ಸ್ನಾಯುಬಲವೆಂದರೆ ಕನ್ನಡಿಗಳ ನಡುವೆ ಕಬ್ಬಿಣ ಎತ್ತುವುದು ಎಂಬ ಚಿತ್ರ ಮನಸ್ಸಿನಲ್ಲಿ ನೆಲೆಗೊಂಡಿದೆ.

ವಾಸ್ತವದಲ್ಲಿ ಎತ್ತಲು ಬೇಕಾದ ಭಾರವನ್ನು ನಾವು ಹುಟ್ಟಿದಂದಿನಿಂದಲೂ ಹೊತ್ತುಕೊಂಡೇ ತಿರುಗುತ್ತಿದ್ದೇವೆ. ನೆಲಕ್ಕೆ ಅಂಗೈ ಊರಿ, ಮೈಯನ್ನು ಹಲಗೆಯಂತೆ ನೇರವಾಗಿಟ್ಟು, ಎದೆಯನ್ನು ಇಳಿಸಿ ಏರಿಸಿದಾಗ ತೋಳುಗಳ ಮೇಲೆ ದೇಹಭಾರದ ಸುಮಾರು ಮೂರರಲ್ಲಿ ಎರಡು ಪಾಲು ಬೀಳುತ್ತದೆ. ಎಪ್ಪತ್ತು ಕಿಲೋ ತೂಕದವನಿಗೆ ಅದು ನಲವತ್ತೈದು ಕಿಲೋಗೆ ಸಮೀಪ. ಮಂಡಿ ಊರಿದರೆ ಹೆಚ್ಚುಕಡಿಮೆ ಅರ್ಧ. ಅಡುಗೆಕಟ್ಟೆಗೆ ಕೈಕೊಟ್ಟು ಮಾಡಿದರೆ ಇನ್ನೂ ಕಡಿಮೆ, ಗೋಡೆಗೆ ಕೈಕೊಟ್ಟರೆ ತೀರ ಕಡಿಮೆ. ಭಾರ ಬದಲಾಗಲಿಲ್ಲ, ಮೈಯ ಓರೆ ಬದಲಾಯಿತು, ಅಷ್ಟೇ. ಎಂಭತ್ತರ ಅಜ್ಜಿಯೂ ಇಪ್ಪತ್ತರ ಮೊಮ್ಮಗನೂ ಒಂದೇ ವ್ಯಾಯಾಮವನ್ನು ತಮ್ಮತಮ್ಮ ಶಕ್ತಿಗೆ ತಕ್ಕ ಓರೆಯಲ್ಲಿ ಮಾಡಬಹುದಾದ ಅನುಕೂಲ ಇದರಲ್ಲಿದೆ.

ಹಾಗಾದರೆ ಆಟವೇಕೆ? ದಿನಕ್ಕೆ ಇಷ್ಟು ದಂಡ, ಇಷ್ಟು ಬಸ್ಕಿ ಎಂದು ಲೆಕ್ಕ ಹಾಕಿ ಮುಗಿಸಬಹುದಲ್ಲ? ಬೇಸರ ಕಳೆಯುವುದು ಮೊದಲ ಪ್ರಯೋಜನ; ಆದರೆ ಅದು ದೊಡ್ಡ ಪ್ರಯೋಜನವಲ್ಲ. 1920ರ ದಶಕದಲ್ಲಿ ಮಾಸ್ಕೋದ ಶ್ರಮ ಸಂಶೋಧನಾ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ಶರೀರವಿಜ್ಞಾನಿ, ಸುತ್ತಿಗೆ ಬೀಸುವ ನುರಿತ ಕೆಲಸಗಾರರ ಚಲನೆಯನ್ನು ಕ್ಯಾಮರಾದಿಂದ ಅಳೆದರು. ಸುತ್ತಿಗೆ ಪ್ರತಿಸಲವೂ ಗುರಿಗೇ ತಾಗುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಹಿಡಿದ ದಾರಿ ಯಾವ ಎರಡು ಪೆಟ್ಟುಗಳಲ್ಲಿಯೂ ಒಂದೇ ಆಗಿರಲಿಲ್ಲ. ಒಂದು ಸಂಧಿ ತುಸು ತಪ್ಪಿದರೆ ಇನ್ನೊಂದು ಅದನ್ನು ಸರಿದೂಗಿಸುತ್ತಿತ್ತು. ಕೌಶಲವೆಂದರೆ ಒಂದೇ ಚಲನೆಯ ಗಿಣಿಪಾಠವಲ್ಲ, ಒಂದೇ ಸಮಸ್ಯೆಯನ್ನು ಪ್ರತಿಸಲವೂ ಹೊಸದಾಗಿ ಬಿಡಿಸುವುದು ಎಂಬ ನಿರ್ಣಯಕ್ಕೆ ಅವರು ಬಂದರು. ಬಚ್ಚಲಲ್ಲಿ ಕಾಲು ಜಾರಿದಾಗ, ಲೋಕಲ್ ರೈಲಿನಲ್ಲಿ ಹಠಾತ್ತನೆ ತಳ್ಳು ಬಿದ್ದಾಗ ನಮ್ಮ ನೆರವಿಗೆ ಬರುವುದು ಈ ಬಗೆಯ ಬಲವೇ. ಲೆಕ್ಕದ ಬಸ್ಕಿಯಲ್ಲಿ ಮುಂದಿನ ಹೆಜ್ಜೆ ಮೊದಲೇ ಗೊತ್ತಿರುತ್ತದೆ. ಮರಕೋತಿ ಆಟದಲ್ಲಿ ಯಾವ ಕೊಂಬೆಗೆ ಹಾರಬೇಕೆಂದು ಬೆನ್ನಟ್ಟುವವನೇ ನಿರ್ಧರಿಸುತ್ತಾನೆ. ಕುಂಟೆಬಿಲ್ಲೆಯಲ್ಲಿ ಬಿಲ್ಲೆ ಬಿದ್ದ ಮನೆಯನ್ನು ದಾಟಿ ಒಂಟಿಕಾಲಲ್ಲಿ ನಿಂತು, ಬಗ್ಗಿ, ಬಿಲ್ಲೆ ಎತ್ತಿಕೊಳ್ಳುವ ಹುಡುಗಿ ಸಮತೋಲ, ಮಂಡಿ, ಹಿಮ್ಮಡಿ, ಸೊಂಟ ಇಷ್ಟನ್ನೂ ಒಂದೇ ಗಳಿಗೆಯಲ್ಲಿ ದುಡಿಸುತ್ತಾಳೆ. ಅವಳಿಗೆ ಅದು ವ್ಯಾಯಾಮವೆಂದು ಯಾರೂ ಹೇಳಿರುವುದಿಲ್ಲ.

ಈ ತತ್ತ್ವ ಹೊಸತೇನೂ ಅಲ್ಲ. ಚೀನಾದ ಹಾನ್ ರಾಜವಂಶದ ಕೊನೆಗಾಲದಲ್ಲಿ, ಅಂದರೆ ಸುಮಾರು 1800 ವರ್ಷಗಳ ಹಿಂದೆ ಬಾಳಿದ ಹುವಾ ತ್ವೋ ಎಂಬ ಪ್ರಸಿದ್ಧ ವೈದ್ಯ ತನ್ನ ಶಿಷ್ಯರಿಗೆ ಹುಲಿ, ಜಿಂಕೆ, ಕರಡಿ, ಕೋತಿ ಮತ್ತು ಹಕ್ಕಿಗಳ ಚಲನೆಯನ್ನು ಅನುಕರಿಸುವ ಅಭ್ಯಾಸವನ್ನು ಕಲಿಸಿದನೆಂದು ಪ್ರತೀತಿ. ಅದರ ಹೆಸರಿನ ಅರ್ಥವೇ 'ಐದು ಪ್ರಾಣಿಗಳ ಆಟ'. ವೈದ್ಯನೊಬ್ಬ ತನ್ನ ಚಿಕಿತ್ಸೆಗೆ ಆಟವೆಂದು ಹೆಸರಿಡುವುದು ಅಪರೂಪದ ಸಂಗತಿ. ನಮ್ಮ ಯೋಗಾಸನಗಳಲ್ಲಿಯೂ ಭುಜಂಗ, ಮಯೂರ, ಕೂರ್ಮ, ಬಕಗಳು ಉಂಟಷ್ಟೇ. ಆದರೆ ಅಲ್ಲಿ ಪ್ರಾಣಿ ಸ್ಥಿರವಾಗಿ ನಿಲ್ಲುತ್ತದೆ, ಇಲ್ಲಿ ಓಡಾಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾರ್ಜ್ ಎಬೇರ್ (1875–1957) ತಾನು ರೂಪಿಸಿದ 'ಸಹಜ ಪದ್ಧತಿ'ಯಲ್ಲಿ ಮನುಷ್ಯನ ಚಲನೆಗಳನ್ನು ನಡಿಗೆ, ಓಟ, ನೆಗೆತ, ನಾಲ್ಕು ಕಾಲಿನ ನಡಿಗೆ, ಹತ್ತುವುದು, ಸಮತೋಲ, ಎಸೆತ, ಎತ್ತುವುದು, ಆತ್ಮರಕ್ಷಣೆ, ಈಜು ಎಂದು ಹತ್ತು ಗುಂಪುಗಳಾಗಿ ವಿಂಗಡಿಸಿದ. ಗೋಡೆ-ಕಟಕಟೆಗಳನ್ನು ನೆಗೆದು ದಾಟುವ ಇಂದಿನ ಪಾರ್ಕೂರ್ ಆಟದ ಬೇರು ಆ ಪದ್ಧತಿಯಲ್ಲಿದೆ. ಪ್ರಾಣಿಗಳ ನಡೆಯನ್ನೇ ಬಂಡವಾಳ ಮಾಡಿಕೊಂಡ ಶಿಬಿರಗಳು ಈಗ ನಮ್ಮ ನಗರಗಳಲ್ಲೂ ನಡೆಯುತ್ತಿವೆ. ಮಕ್ಕಳು ಬಿಟ್ಟಿಯಾಗಿ ಮಾಡುವುದನ್ನು ಕಲಿಯಲು ದೊಡ್ಡವರು ದುಬಾರಿ ಶುಲ್ಕ ತೆರುವುದನ್ನು ಕಂಡಾಗ ನಗು ಬರುತ್ತದೆಯಾದರೂ, ಕಲಿಯುತ್ತಿದ್ದಾರಲ್ಲ ಎಂಬ ಸಮಾಧಾನವೂ ಉಂಟು.

ಮುಂಬಯಿಯಲ್ಲಿ ನೆಲೆಸಿರುವ ನಮಗೆ ಇದರ ಅತ್ಯಂತ ಶ್ರೀಮಂತ ರೂಪ ಕಣ್ಣೆದುರಿಗೇ ಇದೆ. ದಾದರಿನ ಶಿವಾಜಿ ಪಾರ್ಕಿನಲ್ಲಿರುವ ಶ್ರೀ ಸಮರ್ಥ ವ್ಯಾಯಾಮ ಮಂದಿರದಲ್ಲಿ ಸಂಜೆಯ ಹೊತ್ತು ಮಕ್ಕಳು ಮಲ್ಲಕಂಬದ ಮೇಲೆ ಏರಿಳಿಯುವುದನ್ನು ಒಮ್ಮೆಯಾದರೂ ನಿಂತು ನೋಡಬೇಕು. ನೆಲದಿಂದ ಸುಮಾರು ಎಂಟೂವರೆ ಅಡಿ ಎತ್ತರದ, ಮೇಲಕ್ಕೆ ಹೋದಂತೆ ಸಪೂರವಾಗುವ, ಹರಳೆಣ್ಣೆ ಸವರಿ ನಯಗೊಳಿಸಿದ ಮರದ ಕಂಬ ಅದು. ಆ ಜಾರುವ ಕಂಬವನ್ನು ತೊಡೆ, ಕಂಕುಳು, ಪಾದಗಳ ಹಿಡಿತದಲ್ಲಿ ಬಂಧಿಸಿ, ತಲೆಕೆಳಗಾಗಿ ತೂಗಿ, ತಿರುಗಿ, ಮತ್ತೆ ತುದಿಗೇರಬೇಕು. ಹತ್ತಿಯ ಹಗ್ಗದ ಮೇಲೆ ಮಾಡುವ ಇನ್ನೊಂದು ಪ್ರಕಾರವೂ ಇದೆ. ಇಲ್ಲಿ ಎತ್ತುವ ಭಾರವೂ ಸ್ವಂತದ್ದು, ಎತ್ತುವ ಯಂತ್ರವೂ ಸ್ವಂತದ್ದು. ಈ ಸಂಸ್ಥೆಯಲ್ಲಿ ದಶಕಗಳ ಕಾಲ ಮಕ್ಕಳನ್ನು ತಯಾರುಗೊಳಿಸಿದ ಉದಯ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 2019ರ ಫೆಬ್ರವರಿಯಲ್ಲಿ ಮಲ್ಲಕಂಬದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಜರುಗಿದುದೂ ಇದೇ ಶಿವಾಜಿ ಪಾರ್ಕಿನಲ್ಲಿ.

ಎರಡನೆಯ ಬಾಜೀರಾವ್ ಪೇಶ್ವೆಯ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರ ಎಂಬ ಗುರು ಈ ವಿದ್ಯೆಗೆ ಮರುಜೀವ ನೀಡಿದರೆಂಬುದು ಮಹಾರಾಷ್ಟ್ರದಲ್ಲಿ ಮನೆಮಾತು. ನಿಜಾಮನ ಕಡೆಯ ಜಟ್ಟಿಗಳನ್ನು ಎದುರಿಸಬೇಕಾಗಿ ಬಂದಾಗ, ಸಪ್ತಶೃಂಗಿಯಲ್ಲಿ ಕೋತಿಯ ರೂಪದಲ್ಲಿ ಕಾಣಿಸಿಕೊಂಡ ಆಂಜನೇಯನಿಂದ ಅವರು ಪಟ್ಟುಗಳನ್ನು ಕಲಿತರೆಂದು ಐತಿಹ್ಯ ಹೇಳುತ್ತದೆ. ಇಲ್ಲಿಯೂ ಗುರು ಕೋತಿಯೇ ಎಂಬುದು ಸ್ವಾರಸ್ಯಕರ. ಆದರೆ ಮರುಜೀವ ಎಂದಾಗ ಮೊದಲೊಂದು ಜೀವ ಇದ್ದಿರಬೇಕಲ್ಲ? ಅದರ ಕುರುಹನ್ನು ಅರಸಿದರೆ ನಾವು ತಲಪುವುದು ಕನ್ನಡ ನೆಲಕ್ಕೇ. ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಜಟ್ಟಿಗಳ ಸಾಧನೆಯನ್ನು ವಿವರಿಸುವಾಗ ಭಾರ ಎತ್ತುವ ಶ್ರಮ, ನೀರಿನಲ್ಲಿ ಈಜುವ ಶ್ರಮ ಮುಂತಾದುವುಗಳ ಜೊತೆಗೆ ಕಂಬದ ಮೇಲಿನ 'ಸ್ತಂಭಶ್ರಮ'ವನ್ನೂ ಅಲ್ಲಿ ಹೇಳಲಾಗಿದೆ. ಅಧ್ಯಾಯದ ಹೆಸರು ವಿನೋದ, ಅದರೊಳಗಿನ ಕ್ರಿಯೆಯ ಹೆಸರು ಶ್ರಮ! ಇಂದಿಗೂ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರಗಳಲ್ಲಿ ಮಲ್ಲಕಂಬದ ಪಟುಗಳು ತಯಾರಾಗುತ್ತಿದ್ದಾರೆ. ಗರಡಿಯ ಮಟ್ಟಿಯಲ್ಲಿ ಸಾಮು ಮಾಡಿದ ಹಿರಿಯರು ನಮ್ಮ ಅನೇಕ ಮನೆಗಳಲ್ಲಿ ಇದ್ದರು. 'ಶಾಂತಲಾ' ಕಾದಂಬರಿಯನ್ನು ಓದಿ ಮೆಚ್ಚಿದ ನಮ್ಮ ಸದಸ್ಯರು, ಅದನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಖ್ಯಾತ ಅಂಗಸಾಧಕರೂ ಆಗಿದ್ದರೆಂಬುದನ್ನು ಮರೆತಿರಲಾರರು.

ಅರುವತ್ತು ದಾಟಿದವರು ನಾಳೆಯೇ ಮಲ್ಲಕಂಬ ಏರಬೇಕೆಂದು ನಾನು ಹೇಳುತ್ತಿಲ್ಲ. ಅದೇ ತತ್ತ್ವವನ್ನು ಹತ್ತಡಿ ಉದ್ದದ ಹಜಾರದಲ್ಲಿ, ಮೊಮ್ಮಕ್ಕಳ ಜೊತೆಗೆ ಹೇಗೆ ಬಳಸಬಹುದೆಂಬುದನ್ನು ನಮ್ಮ ಮನೆಯ ಅನುಭವದಿಂದ ವಿವರಿಸುತ್ತೇನೆ.

ನಾವು ಆರಂಭಿಸಿದುದು ಚೌಕಾಬಾರದಿಂದ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದು, ಕವಡೆ ಹಾಕುವ ಸರದಿ ಬಂದಾಗಲೆಲ್ಲ ಕೂರುವ ಭಂಗಿಯನ್ನು ಬದಲಿಸಬೇಕೆಂಬ ನಿಯಮ ಮಾಡಿಕೊಂಡೆವು. ಚಕ್ಕಳಮಕ್ಕಳ, ವಜ್ರಾಸನ, ಒಂದು ಕಾಲು ಚಾಚಿ, ಎರಡೂ ಕಾಲು ಒಂದೇ ಪಕ್ಕಕ್ಕೆ ಮಡಿಸಿ, ಕುಕ್ಕರಗಾಲು. ಕಾಯಿ ಕಡಿಸಿಕೊಂಡವನು ಎದ್ದು ನಿಂತು ಮತ್ತೆ ಕೂರಬೇಕು. ಮೊದಲ ವಾರ ಕುಕ್ಕರಗಾಲಿನಲ್ಲಿ ನನ್ನ ಹಿಮ್ಮಡಿ ನೆಲಕ್ಕೆ ತಾಗಲೇ ಇಲ್ಲ. ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಮುಂದೆ ಕಿಟಕಿಯ ಸರಳು ಹಿಡಿದು ಕುಳಿತೆ. ಎರಡು ತಿಂಗಳಲ್ಲಿ ಟವೆಲ್ ತೆಳುವಾಗುತ್ತ ಹೋಗಿ ಕಡೆಗೆ ಬೇಡವಾಯಿತು.

ಬಳಿಕ ಬಂದುದು ಪ್ರಾಣಿಗಳ ನಡಿಗೆ. ಕರಡಿಯ ನಡಿಗೆಯಲ್ಲಿ ಅಂಗೈಗಳನ್ನೂ ಕಾಲ್ಬೆರಳುಗಳನ್ನೂ ನೆಲಕ್ಕೂರಿ, ಮಂಡಿಗಳನ್ನು ಅಂಗುಲ-ಎರಡಂಗುಲ ಮೇಲಕ್ಕೆತ್ತಿ, ಬಲಗೈ ಜೊತೆಗೆ ಎಡಗಾಲು, ಎಡಗೈ ಜೊತೆಗೆ ಬಲಗಾಲು ಎಂಬಂತೆ ಮುನ್ನಡೆಯಬೇಕು. ಅಂಬೆಗಾಲಿಡುವ ಮಗುವಿಗೂ ನಮಗೂ ಇರುವ ಅಂತರ ಆ ಎರಡಂಗುಲದಲ್ಲಿದೆ. ಭುಜ, ಹೊಟ್ಟೆ, ತೊಡೆಗಳು ಒಂದೇ ಸಲ ದುಡಿಯುವುದರಿಂದ ಹತ್ತು ಹೆಜ್ಜೆಗೇ ಏದುಸಿರು ಬರುತ್ತದೆ. ಏಡಿಯ ನಡಿಗೆ ಇದಕ್ಕೆ ತಿರುವುಮುರುವು: ಕುಳಿತು, ಕೈಗಳನ್ನು ಹಿಂದಕ್ಕೂರಿ, ಸೊಂಟವನ್ನೆತ್ತಿ, ಪಕ್ಕಕ್ಕೋ ಹಿಂದಕ್ಕೋ ಸಾಗುವುದು. ಗಣಕಯಂತ್ರದ ಮುಂದೆ ದಿನವಿಡೀ ಮುಂಬಾಗಿ ಕೂರುವ ನನ್ನ ಮಗನಿಗೆ ಎದೆ ಮತ್ತು ಭುಜಗಳನ್ನು ತೆರೆಯುವ ಈ ನಡಿಗೆಯೇ ಹೆಚ್ಚು ಹಿತವೆನಿಸಿತು. ಕಪ್ಪೆಯ ಜಿಗಿತವನ್ನು ಮೊಮ್ಮಗನಿಗೇ ಬಿಟ್ಟುಕೊಟ್ಟಿದ್ದೇವೆ. ಇನ್ನೊಂದು ಆಟ ನನ್ನ ಪತ್ನಿಯ ಕಲ್ಪನೆ. ದಂಡದ ಭಂಗಿಯಲ್ಲಿ, ಬೇಕಿದ್ದವರು ಮಂಡಿಯೂರಿ ನಿಂತು, ಎಡಬದಿಯ ಬಟ್ಟಲಿನಿಂದ ಹುಣಸೆಬೀಜಗಳನ್ನು ಒಂದೊಂದಾಗಿ ಬಲಬದಿಯ ಬಟ್ಟಲಿಗೆ ಸಾಗಿಸಬೇಕು. ಒಂದು ಕೈ ಬೀಜ ಹಿಡಿದಾಗ ಮೈಭಾರವೆಲ್ಲ ಇನ್ನೊಂದು ಕೈಗೆ ಬೀಳುತ್ತದೆ. ಸೊಂಟ ವಾಲಿದರೆ ನೋಡುತ್ತಿರುವವರು ಕೂಗಬೇಕು. ಇಪ್ಪತ್ತು ಬೀಜ ಸಾಗಿಸಿದವರು ಮನೆಯಲ್ಲಿ ಇನ್ನೂ ಯಾರೂ ಇಲ್ಲ.

ವಾರಕ್ಕೆ ಮೂರು ಸಂಜೆ, ಹದಿನೈದು-ಇಪ್ಪತ್ತು ನಿಮಿಷ. ಒಂದು ನಡಿಗೆ ಇಪ್ಪತ್ತು-ಮೂವತ್ತು ಸೆಕೆಂಡು, ಉಸಿರು ತಹಬಂದಿಗೆ ಬರುವವರೆಗೆ ವಿಶ್ರಾಂತಿ, ಮತ್ತೆ ಮುಂದಿನದು. ಮಾತಾಡಲಾಗದಷ್ಟು ಏದುಸಿರು ಬಂದರೆ ನಿಲ್ಲಿಸಬೇಕು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಬೇಕು.

ಎಚ್ಚರಿಕೆಯ ಮಾತುಗಳನ್ನು ಇಲ್ಲಿ ಹೇಳಲೇಬೇಕು. ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಕಣ್ಣಿನ ಗ್ಲಾಕೋಮಾ, ತಲೆಸುತ್ತು ಇರುವವರಿಗೆ ಸೊಂಟಕ್ಕಿಂತ ತಲೆ ಕೆಳಗಾಗುವ ಭಂಗಿಗಳು ಸಲ್ಲವು. ಮಂಡಿಚಿಪ್ಪಿನ ಬದಲಾವಣೆ ಮಾಡಿಸಿಕೊಂಡವರು, ಹೃದ್ರೋಗಿಗಳು, ಮೂಳೆ ಸವೆತದವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಮಣಿಕಟ್ಟು ನೋಯುವವರು ಮುಷ್ಟಿ ಬಿಗಿದು ಊರಬಹುದು, ಇಲ್ಲವೇ ನೆಲದ ಬದಲು ಗಟ್ಟಿಯಾದ ಮಂಚದ ಅಂಚಿಗೆ ಕೈಕೊಡಬಹುದು. ಸ್ನಾಯುವಿನ ಮರುದಿನದ ಮಂದ ನೋವಿಗೆ ಅಂಜಬೇಕಿಲ್ಲ. ಸಂಧಿಯೊಳಗೆ ಚುಚ್ಚುವ ನೋವು ಬಂದರೆ ಆ ಆಟವನ್ನು ಅಲ್ಲಿಗೇ ಕೈಬಿಡಬೇಕು. ನಯವಾದ ಹಾಸುಗಲ್ಲಿನ ಮೇಲೆ ಸಾಕ್ಸ್ ಧರಿಸಿ ಆಡುವುದು ಬೀಳಲು ನೇರ ದಾರಿ. ಬರಿಗಾಲೇ ಲೇಸು.

ಈ ಪದ್ಧತಿಯಿಂದ ಎಲ್ಲವೂ ಸಾಧಿಸುತ್ತದೆಂದು ನಂಬುವವರ ಪೈಕಿ ನಾನಲ್ಲ. ನೆಲದ ಆಟಗಳು ಒತ್ತುವ ಬಲವನ್ನು ಚೆನ್ನಾಗಿ ಬೆಳೆಸುತ್ತವೆ. ಎಳೆಯುವ ಬಲಕ್ಕೆ ಹಿಡಿದು ತೂಗಲು ಒಂದು ಸರಳು ಬೇಕೇ ಬೇಕು. ಉದ್ಯಾನದಲ್ಲಿ ಮಕ್ಕಳ ಏಣಿಯಿದ್ದರೆ, ಪಾದಗಳನ್ನು ನೆಲದಲ್ಲೇ ಇರಿಸಿ ಅರ್ಧ ಭಾರ ಮಾತ್ರ ತೂಗಿಬಿಡುವುದರಿಂದ ಆರಂಭಿಸಬಹುದು. ತರುಣರ ಕಾಲುಗಳಿಗೆ ದೇಹಭಾರ ಬೇಗನೇ ಸಾಲದಾಗುತ್ತದೆ. ಅವರು ಕಬ್ಬಿಣ ಎತ್ತುವುದೇ ಸರಿ. ನಡಿಗೆಯನ್ನು ಬಿಟ್ಟು ಇದನ್ನು ಹಿಡಿಯುವುದೂ ಸಲ್ಲ.

ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಬ್ರೆಜಿಲ್ ವೈದ್ಯರ ಪರೀಕ್ಷೆ ನಡೆಯುತ್ತದೆ. ಪರೀಕ್ಷಕ ಮೊಮ್ಮಗನೇ. ಗೃಹಪ್ರವೇಶದ ಮರುದಿನ ನನಗೆ ದೊರೆತುದು 4 ಅಂಕ. ಕಳೆದ ಭಾನುವಾರ 7. ಕೂರುವಾಗ ಆಸರೆ ಬೇಡವಾಗಿದೆ. ಏಳುವಾಗ ಒಂದು ಕೈ, ಒಂದು ಮಂಡಿ ಇನ್ನೂ ಬೇಕು. ಉಳಿದ ಒಂದು ಅಂಕದ ಕುರಿತು ನಮ್ಮಿಬ್ಬರಲ್ಲಿ ವಿವಾದವಿದೆ. ಏಳುವಾಗ ನಾನು ಎರಡು ಸಲ ತೂರಾಡಿದೆನೆಂದು ಅವನ ವಾದ. ಒಂದೇ ಸಲ ಎಂದು ನನ್ನದು.